ಗಣಿಯ ಪಕ್ಕದ ಊರಿನಲ್ಲಿ ಅಂತರ್ಜಲದ ಲೆಕ್ಕ ಇಡುವುದು ಹೇಗೆ

"ಗಣಿ ಬಂದ ಮೇಲೆ ನಮ್ಮ ಬೋರು ಬತ್ತಿತು" ಎನ್ನುತ್ತಾರೆ ಊರಿನವರು. "ಮಳೆಯೇ ಕಡಿಮೆ, ಮೇಲಾಗಿ ನೀವೇ ಸಾಲಾಗಿ ಬೋರು ಕೊರೆಸಿದ್ದೀರಿ" ಎನ್ನುತ್ತಾರೆ ಗಣಿಯವರು. ಸಂಡೂರಿನ ಅದಿರು ಗುಡ್ಡಗಳಿಂದ ಹಿಡಿದು ಚಿಕ್ಕನಾಯಕನಹಳ್ಳಿ, ಹೊಳಲ್ಕೆರೆಯ ಗಣಿಗಳವರೆಗೆ, ಚಿಕ್ಕಬಳ್ಳಾಪುರದ ಕಲ್ಲು ಕ್ವಾರಿಗಳವರೆಗೆ, ಜಗಳ ಇಲ್ಲಿಗೆ ಬಂದು ನಿಂತುಬಿಡುತ್ತದೆ. ಎರಡೂ ಮಾತಿನಲ್ಲಿ ನಿಜ ಇರಬಹುದು. ಯಾರ ಪಾಲು ಎಷ್ಟು ಎಂದು ಹೇಳಬೇಕಾದರೆ, ಗಣಿ ಅಗೆದ ಹೊಂಡ ಅಂತರ್ಜಲದ ಮಟ್ಟ ಮುಟ್ಟುವ ಮೊದಲೇ ಊರು ತನ್ನ ಬಾವಿಗಳನ್ನು ಅಳೆದು ಬರೆದಿಟ್ಟಿರಬೇಕು. ಬೋರು ಬತ್ತಿದ ಮೇಲೆ ಹಿಡಿದ ಅಳತೆಯಿಂದ ಬತ್ತಿದೆ ಎಂದಷ್ಟೇ ಗೊತ್ತಾಗುತ್ತದೆ, ಯಾಕೆ ಬತ್ತಿತು ಎಂದು ಗೊತ್ತಾಗುವುದಿಲ್ಲ.

ಇದಕ್ಕೆ ದೊಡ್ಡ ಯಂತ್ರ ಬೇಡ. ಎರಡು ತಂತಿ, ಒಂದು ಮಲ್ಟಿಮೀಟರ್ (ಎಲೆಕ್ಟ್ರಿಷಿಯನ್‌ಗಳು ಕರೆಂಟು ಪರೀಕ್ಷಿಸುವ ಮೀಟರು), ಒಂದು ಪುಸ್ತಕ, ಹದಿನೈದು ದಿನಕ್ಕೊಮ್ಮೆ ಅರ್ಧ ದಿನ ಕೊಡುವ ಇಬ್ಬರು ಸಾಕು. ಪಂಚಾಯಿತಿಯ ನೀರುಗಂಟಿ ಆ ಇಬ್ಬರಲ್ಲಿ ಒಬ್ಬರಾದರೆ ಇನ್ನೂ ಒಳ್ಳೆಯದು. ಯಾವ ಬೋರಿನ ಮೋಟರು ಎಷ್ಟು ಆಳಕ್ಕಿದೆ, ಯಾವುದು ಯಾವಾಗ ಕೈಕೊಟ್ಟಿತು ಎಂಬುದು ಊರಿನಲ್ಲಿ ಅವರಿಗಿಂತ ಚೆನ್ನಾಗಿ ಬೇರೆಯವರಿಗೆ ತಿಳಿದಿರುವುದಿಲ್ಲ.

ಹೊಂಡ ನೀರೆಳೆಯುವ ಬಗೆ

ನಮ್ಮ ಬಯಲುಸೀಮೆಯ ನೆಲದಲ್ಲಿ ಮೇಲೆ ಮಣ್ಣು, ಅದರ ಕೆಳಗೆ ಗರಸು ಮತ್ತು ಸವೆದ ಕಲ್ಲು, ಆಮೇಲೆ ಗಟ್ಟಿ ಬಂಡೆ. ಬಂಡೆಯಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಬೋರ್ ಲಾರಿಯವರು "ಗ್ಯಾಪ್ ಸಿಕ್ಕಿತು" ಎನ್ನುವುದು ಈ ಬಿರುಕನ್ನೇ. ಇಂಥ ನೆಲ ತುಂಬ ಕಡಿಮೆ ನೀರು ಹಿಡಿಯುತ್ತದೆ. ಸವೆದ ಕಲ್ಲಿನ ಪದರದಲ್ಲಿ ಬರಿದಾಗುವ ನೀರು ಸಾಮಾನ್ಯವಾಗಿ ಅದರ ಗಾತ್ರದ ಶೇ. 1ರಿಂದ 3.

ಇದರ ಪರಿಣಾಮ ಏನೆಂದು ಲೆಕ್ಕ ಹಾಕಿ ನೋಡಿ. ಒಂದು ಹೊಂಡದಿಂದ ದಿನಕ್ಕೆ 500 ಘನ ಮೀಟರ್, ಅಂದರೆ 5 ಲಕ್ಷ ಲೀಟರ್, ವರ್ಷದಲ್ಲಿ 300 ದಿನ ನೀರೆತ್ತಿದರೆ 1,50,000 ಘನ ಮೀಟರ್. ನೆಲದ ಹಿಡಿತ ಶೇ. 2 ಎಂದಿಟ್ಟುಕೊಳ್ಳಿ. ಮಳೆಯ ಮರುಪೂರಣವನ್ನು ಬದಿಗಿಟ್ಟರೆ ಅಷ್ಟು ನೀರು ಒಂದು ಚದರ ಕಿಲೋಮೀಟರ್ ಜಾಗದಲ್ಲಿ 7.5 ಮೀಟರ್ ಮಟ್ಟ ಇಳಿಸಲು ಸಾಕು. ಮರಳು ನೆಲದಲ್ಲಿ ಇದೇ ಪಂಪಿಂಗ್‌ನ ಪರಿಣಾಮ ಹೆಚ್ಚುಕಡಿಮೆ ಕಾಣಿಸದೆಯೇ ಹೋಗಬಹುದು.

ಇನ್ನೊಂದು ಮಾತು ನೆನಪಿಡಿ: ಬಂಡೆ ನೆಲದಲ್ಲಿ ದೂರವೊಂದೇ ಲೆಕ್ಕಕ್ಕೆ ಬರುವುದಿಲ್ಲ. ಹೊಂಡದಿಂದ 300 ಮೀಟರ್ ದೂರದ ಬೋರು ಚೆನ್ನಾಗಿದ್ದು, ಒಂದೂವರೆ ಕಿಲೋಮೀಟರ್ ಆಚೆ ಅದೇ ಬಿರುಕಿನ ಸಾಲಿನಲ್ಲಿರುವ ಬೋರು ಒಣಗಬಹುದು. "500 ಮೀಟರ್‌ನ ಆಚೆ ಪರಿಣಾಮ ಇರುವುದಿಲ್ಲ" ಎಂದು ಯಾರಾದರೂ ಹೇಳಿದರೆ, ಅಲ್ಲಿ ಯಾವ ಬಾವಿಯನ್ನು ಅಳೆದು ಹಾಗೆ ಹೇಳುತ್ತಿದ್ದಾರೆ ಎಂದು ಕೇಳಿ.

ಅದಿರು ಗುಡ್ಡಗಳ ಕಥೆ ಸ್ವಲ್ಪ ಬೇರೆ. ಸಂಡೂರು ಭಾಗದಲ್ಲಿ ಅದಿರಿನ ಪದರವೇ ಸ್ಪಂಜಿನಂತೆ ನೀರು ಹಿಡಿದು ಇಳಿಜಾರಿನ ಒರತೆಗಳಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಅದನ್ನು ಕಿತ್ತರೆ ನೀರಿನ ಜತೆ ನೀರಿನ ಪಾತ್ರೆಯೇ ಹೋದಂತೆ. ಅಂಥ ಕಡೆ ಬೋರಿಗಿಂತ ಮೊದಲು ಒರತೆ ಸೊರಗುತ್ತದೆ, ಆದ್ದರಿಂದ ಅಳೆಯುವುದನ್ನೂ ಒರತೆಯಿಂದಲೇ ಶುರುಮಾಡಿ. ಒರತೆಯ ನೀರನ್ನು ಒಂದು ಪೈಪಿಗೆ ತಿರುಗಿಸಿ, 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ಮೂರು ಸಲ ನೋಡಿ ಸರಾಸರಿ ಬರೆದಿಡಿ.

ಯಾವ ಬಾವಿಗಳನ್ನು ಆರಿಸಬೇಕು

ಎಂಟರಿಂದ ಹತ್ತು ಬಾವಿ ಸಾಕು. ಹೊಂಡದ ಸುತ್ತ ನಾಲ್ಕು ದಿಕ್ಕಿಗೂ ಹಂಚಿಹೋಗಲಿ. ಊರಿನ ಕುಡಿಯುವ ನೀರಿನ ಬೋರು ಕಡ್ಡಾಯವಾಗಿ ಇರಲಿ. ತೆರೆದ ಬಾವಿ ಕನಿಷ್ಠ ಎರಡು ಸೇರಿಸಿ, ಏಕೆಂದರೆ ತೆರೆದ ಬಾವಿ ಮೇಲ್ಪದರದ ನೀರನ್ನು ತೋರಿಸುತ್ತದೆ, ಆಳದ ಬೋರು ಬಿರುಕಿನ ನೀರನ್ನು. ಎರಡೂ ಒಟ್ಟಿಗೆ ಇಳಿಯಬೇಕೆಂದಿಲ್ಲ. ಬೋರು ಇಳಿದು ತೆರೆದ ಬಾವಿ ಹಾಗೇ ಇದ್ದರೆ ಹೊಂಡ ಆಳದ ಬಿರುಕನ್ನು ಕತ್ತರಿಸಿರಬಹುದು.

ಎಲ್ಲರೂ ಮರೆಯುವುದು ದೂರದ ಬಾವಿಯನ್ನು. ಹೊಂಡದಿಂದ 4-5 ಕಿ.ಮೀ. ಆಚೆ, ಅದೇ ಬಗೆಯ ಕಲ್ಲು, ಅದೇ ಮಳೆ, ಅದೇ ಬೆಳೆ ಇರುವ, ಆದರೆ ನಡುವೆ ಹಳ್ಳವೋ ಗುಡ್ಡದ ಸಾಲೋ ಬಂದು ಬೇರೆ ಜಲಾನಯನಕ್ಕೆ ಸೇರಿದ ಜಾಗದಲ್ಲಿ ಎರಡು ಬಾವಿ ಹಿಡಿಯಿರಿ. ಬರದ ವರ್ಷದಲ್ಲಿ ಅವೂ ಇಳಿಯುತ್ತವೆ. ಅವು ಇಳಿದದ್ದಕ್ಕಿಂತ ನಿಮ್ಮ ಬಾವಿ ಎಷ್ಟು ಹೆಚ್ಚು ಇಳಿಯಿತು ಎಂಬುದರಲ್ಲೇ ಇಡೀ ವಾದ ಇದೆ.

ಮೋಟರಿಲ್ಲದ ಹಳೆಯ ಬೋರು ಅಳತೆಗೆ ಎಲ್ಲಕ್ಕಿಂತ ಅನುಕೂಲ. ಆದರೆ ಅದು ಹೂಳು ತುಂಬಿ ಸತ್ತಿಲ್ಲ ಎಂದು ಮೊದಲು ಖಚಿತಮಾಡಿಕೊಳ್ಳಿ. ಮಟ್ಟ ಅಳೆದು, 200 ಲೀಟರ್‌ನ ಒಂದು ಡ್ರಮ್ ಶುದ್ಧ ನೀರನ್ನು ಒಮ್ಮೆಲೇ ಸುರಿಯಿರಿ. ಆರೂವರೆ ಇಂಚಿನ ಬೋರಿನಲ್ಲಿ ಮಟ್ಟ ಸುಮಾರು 9 ಮೀಟರ್ ಏರಬೇಕು, ಆಮೇಲೆ ಕ್ರಮೇಣ ಇಳಿದು ಮೊದಲಿನ ಮಟ್ಟಕ್ಕೆ ಬರಬೇಕು. ಮರುದಿನವೂ ಏರಿದ ಮಟ್ಟದಲ್ಲೇ ನಿಂತಿದ್ದರೆ ಆ ಬೋರಿಗೂ ಸುತ್ತಲಿನ ಅಂತರ್ಜಲಕ್ಕೂ ಸಂಬಂಧ ಕಡಿದಿದೆ, ಅದನ್ನು ಬಿಡಿ. ಆರಿಸಿಕೊಂಡ ಬೋರಿಗೆ ಬೀಗ ಹಾಕಬಲ್ಲ ಕಬ್ಬಿಣದ ಮುಚ್ಚಳ ಹಾಕಿಸಿ. ಬಾಯಿ ತೆರೆದ ಬೋರು ಮಕ್ಕಳ ಜೀವಕ್ಕೆ ಸಂಚಕಾರ.

ಗುರುತು ಮತ್ತು ಎತ್ತರ

ಪ್ರತಿ ಬಾವಿಯಲ್ಲೂ ಅಳತೆ ಹಿಡಿಯುವ ಒಂದೇ ಬಿಂದು ಇರಲಿ: ಕೇಸಿಂಗ್ ಪೈಪಿನ ಅಂಚಿನಲ್ಲಿ ಉತ್ತರ ದಿಕ್ಕಿಗೆ ಕೆಂಪು ಪೇಂಟಿನ ಗೆರೆ, ತೆರೆದ ಬಾವಿಯಾದರೆ ಕಟ್ಟೆಯ ಮೇಲೆ ಉಳಿಯಿಂದ ಕೊರೆದ ಗುರುತು. ಆ ಬಿಂದು ನೆಲದಿಂದ ಎಷ್ಟು ಎತ್ತರ ಎಂದು ಮೊದಲ ದಿನವೇ ಬರೆದಿಡಿ. ಮುಂದೆ ಯಾರಾದರೂ ಕೇಸಿಂಗ್ ಕತ್ತರಿಸಿದರೆ, ಕಟ್ಟೆ ಎತ್ತರಿಸಿದರೆ, ಒಂದೇ ದಿನದಲ್ಲಿ ನೀರು ಅರ್ಧ ಮೀಟರ್ ಏರಿದ ಹಾಗೆ ಅಥವಾ ಇಳಿದ ಹಾಗೆ ಕಾಣುತ್ತದೆ. ಇಂಥ ಒಂದು ತಪ್ಪು ಸಿಕ್ಕರೆ ಸಾಕು, ಎದುರಿನವರು ಇಡೀ ಪುಸ್ತಕವನ್ನೇ ಅನುಮಾನಿಸುತ್ತಾರೆ.

ಆಳ ಗೊತ್ತಾದರೆ ಸಾಲದು, ಎತ್ತರವೂ ಬೇಕು. ಸರ್ವೆ ಮಾಡುವವರನ್ನು ಒಂದು ದಿನ ಕರೆಸಿ ಆಟೋ ಲೆವೆಲ್ ಅಥವಾ ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರದಿಂದ ಎಲ್ಲ ಗುರುತುಗಳ ಎತ್ತರವನ್ನು ಒಂದೇ ಬೆಂಚ್‌ಮಾರ್ಕಿಗೆ, ಅಂದರೆ ಎತ್ತರ ಗೊತ್ತಿರುವ ಒಂದು ಸ್ಥಿರ ಗುರುತಿಗೆ, ಜೋಡಿಸಿಕೊಳ್ಳಿ. ಮೊಬೈಲಿನ ಜಿಪಿಎಸ್ ತೋರಿಸುವ ಎತ್ತರದಲ್ಲಿ ಹತ್ತಾರು ಮೀಟರ್ ತಪ್ಪಿರಬಹುದು, ಈ ಕೆಲಸಕ್ಕೆ ಅದು ಬೇಡವೇ ಬೇಡ.

ಎತ್ತರ ಯಾಕೆ ಬೇಕು ಎಂಬುದಕ್ಕೆ ಒಂದು ಉದಾಹರಣೆ. 'ಅ' ಬಾವಿಯ ಗುರುತಿನ ಎತ್ತರ 612.40 ಮೀ., ನೀರು 18.60 ಮೀ. ಆಳದಲ್ಲಿದೆ, ನೀರಿನ ಎತ್ತರ 593.80. 'ಆ' ಬಾವಿಯ ಗುರುತು 606.10, ಆಳ 14.90, ನೀರಿನ ಎತ್ತರ 591.20. ಆಳವನ್ನಷ್ಟೇ ನೋಡಿದರೆ 'ಆ' ಬಾವಿಯೇ ಸುಭಿಕ್ಷ ಎನಿಸುತ್ತದೆ. ಆದರೆ ನೀರಿನ ಇಳಿಜಾರು 'ಅ'ದಿಂದ 'ಆ' ಕಡೆಗಿದೆ. ಹೊಂಡದ ತಳದಲ್ಲಿ ನಿಂತ ನೀರಿನ ಎತ್ತರ 579 ಎಂದು ಗೊತ್ತಾದರೆ ಚಿತ್ರ ಪೂರ್ತಿಯಾಯಿತು: ಎರಡೂ ಬಾವಿಗಿಂತ ಹೊಂಡ ಹತ್ತು ಮೀಟರಿಗೂ ಕೆಳಗಿದೆ, ಬಿರುಕಿನ ದಾರಿ ಸಿಕ್ಕರೆ ನೀರು ಹರಿಯುವುದು ಆ ಕಡೆಗೇ.

ಅಳೆಯುವ ಸಾಧನ

ತೆರೆದ ಬಾವಿಗೆ 30 ಮೀಟರ್ ಸ್ಟೀಲ್ ಟೇಪು ಸಾಕು. ಟೇಪಿನ ತುದಿಯ ಒಂದು ಮೀಟರಿಗೆ ಸೀಮೆಸುಣ್ಣ ಉಜ್ಜಿ, ನೀರಿಗೆ ಮುಳುಗುವಷ್ಟು ಇಳಿಸಿ, ಗುರುತಿನ ಹತ್ತಿರ ಬಂದ ಅಂಕಿಯನ್ನು ಓದಿಕೊಳ್ಳಿ. ಮೇಲೆತ್ತಿ ಸುಣ್ಣ ಒದ್ದೆಯಾದಷ್ಟನ್ನು ಕಳೆಯಿರಿ.

ಬೋರಿಗೆ ವಿದ್ಯುತ್ ಸೌಂಡರ್, ಅಂದರೆ ತುದಿಗೆ ನೀರು ತಾಗಿದೊಡನೆ ಸೂಚನೆ ಕೊಡುವ ತಂತಿ, ಬೇಕು. ಅಂಗಡಿಯದು ದುಬಾರಿಯಾದರೆ ಮನೆಯಲ್ಲೇ ಕಟ್ಟಬಹುದು. 150 ಮೀಟರ್ ಎರಡೆಳೆಯ ಚಪ್ಪಟೆ ತಾಮ್ರದ ವೈರ್ ತನ್ನಿ. ಒಂದು ತುದಿಯಲ್ಲಿ ಎರಡೂ ಎಳೆಯ ಹೊದಿಕೆಯನ್ನು ಒಂದೊಂದು ಸೆಂಟಿಮೀಟರ್ ಸುಲಿದು, ಒಂದಕ್ಕೊಂದು ತಾಗದಂತೆ ಅರ್ಧ ಇಂಚಿನ ಪಿವಿಸಿ ಪೈಪಿನ ತುಂಡಿನೊಳಗೆ ಕೂರಿಸಿ. ಪೈಪಿನ ಗೋಡೆಗೆ ನಾಲ್ಕಾರು ತೂತು ಇರಲಿ, ಕೆಳಗೆ 250 ಗ್ರಾಂ ತೂಗುವ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಕಟ್ಟಿ. ಸೀಸದ ಗುಂಡು ಬೇಡ, ಇದು ಕುಡಿಯುವ ನೀರು. ಇನ್ನೊಂದು ತುದಿಯನ್ನು ಮಲ್ಟಿಮೀಟರಿಗೆ ಸೇರಿಸಿ, 200 ಕಿಲೋ ಓಮ್‌ನ ಸ್ಥಾನಕ್ಕೆ ತಿರುಗಿಸಿ. ತುದಿ ಗಾಳಿಯಲ್ಲಿರುವಾಗ ಪರದೆಯ ಮೇಲೆ ಅಂಕಿ ಬರುವುದಿಲ್ಲ, ನೀರು ತಾಗಿದೊಡನೆ ಒಂದು ಅಂಕಿ ಮೂಡುತ್ತದೆ. ಬ್ಯಾಟರಿಗೆ ಬಲ್ಬು ಕಟ್ಟುವವರಿದ್ದಾರೆ, ಆದರೆ ನೀರು ಸಾಗಿಸುವ ಕರೆಂಟು ಬಲ್ಬು ಉರಿಯುವಷ್ಟು ಇರುವುದಿಲ್ಲ. ಅದನ್ನು ನಂಬಿದರೆ ನೀರಿದ್ದೂ ಇಲ್ಲವೆನಿಸುತ್ತದೆ.

ವೈರನ್ನು ನೆಲದ ಮೇಲೆ ಎಳೆದು ಸ್ಟೀಲ್ ಟೇಪಿನ ಪಕ್ಕದಲ್ಲಿಟ್ಟು ಮೀಟರಿಗೊಂದು ಬಿಳಿ ಟೇಪು, ಹತ್ತು ಮೀಟರಿಗೊಂದು ಕೆಂಪು ಟೇಪು ಸುತ್ತಿ. ತಾಮ್ರ ಎಳೆತಕ್ಕೆ ಉದ್ದವಾಗುತ್ತದೆ. ಆರು ತಿಂಗಳಿಗೊಮ್ಮೆ ಮತ್ತೆ ಟೇಪಿಗೆ ಹೋಲಿಸಿ ನೋಡಿ.

ಎಡವುವುದು ಎರಡು ಕಡೆ. ಒಂದು, ಬೋರಿನ ಗೋಡೆಯಿಂದ ಜಿನುಗಿ ಇಳಿಯುವ ನೀರು ತುದಿಗೆ ತಾಗಿ 40 ಮೀಟರಿನಲ್ಲೇ ಅಂಕಿ ತೋರಿಸುತ್ತದೆ, ನಿಜವಾದ ಮಟ್ಟ 70ರಲ್ಲಿರುತ್ತದೆ. ಅಂಕಿ ಮೂಡಿದ ಮೇಲೆ ಇನ್ನೂ ಎರಡು ಮೀಟರ್ ಇಳಿಸಿ: ಅಂಕಿ ಮಾಯವಾದರೆ ಅದು ಜಿನುಗು, ನಿಂತರೆ ನೀರು. ಆಮೇಲೆ ಮೂರು ಸಲ ಎತ್ತಿ ಇಳಿಸಿ, ಮೂರೂ ಓದು 2 ಸೆಂ.ಮೀ. ಒಳಗೆ ಕೂಡಬೇಕು. ಇನ್ನೊಂದು, ಮೋಟರಿರುವ ಬೋರಿನಲ್ಲಿ ವೈರು ಕೇಬಲ್ಲಿಗೆ ಸುತ್ತಿಕೊಂಡು ಸಿಕ್ಕಿಬೀಳುತ್ತದೆ. ಮೋಟರು ರಿಪೇರಿಗೆ ಎತ್ತಿದ ದಿನ, ಮತ್ತೆ ಇಳಿಸುವಾಗ ಅದರ ಪೈಪಿನ ಜತೆಗೆ ಮುಕ್ಕಾಲು ಇಂಚಿನ ಪಿವಿಸಿ ಪೈಪನ್ನೂ ಕಟ್ಟಿ ಇಳಿಸಿಬಿಡಿ. ಕೆಳಗಿನ ಮೂರು ಮೀಟರಿಗೆ ತೂತು ಕೊರೆದಿರಲಿ. ಹಾಗೆ ಮಾಡುವುದಿದ್ದರೆ ಸೌಂಡರಿನ ತುದಿಯನ್ನೂ ಆ ಪೈಪಿನೊಳಗೆ ಸಲೀಸಾಗಿ ಇಳಿಯುವಷ್ಟು ಸಣ್ಣದಾಗಿ ಕಟ್ಟಿಕೊಳ್ಳಿ. ಅಳೆಯುವ ಮುನ್ನ ಸ್ಟಾರ್ಟರ್ ಆಫ್ ಮಾಡುವುದಷ್ಟೇ ಅಲ್ಲ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಿ. ಆಟೋ ಸ್ಟಾರ್ಟರ್ ಯಾರ ಮಾತೂ ಕೇಳುವುದಿಲ್ಲ.

ಸಾವಿರ ಅಡಿಯ ಬೋರುಗಳಲ್ಲಿ ನೀರು ತುಂಬ ಆಳಕ್ಕೆ ಹೋಗಿದ್ದರೆ ಗಾಳಿ ನಳಿಕೆಯ ವಿಧಾನ ಒಳ್ಳೆಯದು. ಮೋಟರು ಇಳಿಸುವಾಗ 6 ಮಿ.ಮೀ. ನೈಲಾನ್ ಟ್ಯೂಬನ್ನು ಪೈಪಿಗೆ ಕಟ್ಟಿ, ಅದರ ತೆರೆದ ತುದಿ ಪಂಪಿಗಿಂತ ಎರಡು ಮೀಟರ್ ಮೇಲೆ ನಿಲ್ಲುವಂತೆ ಮಾಡಿ, ಉದ್ದವನ್ನು ನಿಖರವಾಗಿ ಬರೆದುಕೊಳ್ಳಿ. ಮೇಲ್ತುದಿಗೆ ಒಂದು ಪ್ರೆಶರ್ ಗೇಜು, ಒಂದು ಟೈರಿನ ವಾಲ್ವು. ಕಾರಿನ ಕಾಲುಪಂಪಿನಿಂದ ಗಾಳಿ ತುಂಬಿ. ಮುಳ್ಳು ಏರುತ್ತ ಹೋಗಿ ಒಂದು ಕಡೆ ನಿಂತುಬಿಡುತ್ತದೆ, ಅಲ್ಲಿಗೆ ಟ್ಯೂಬಿನೊಳಗಿನ ನೀರೆಲ್ಲ ಹೊರಹೋಯಿತು ಎಂದರ್ಥ. ಚದರ ಸೆಂಟಿಮೀಟರಿಗೆ 1 ಕೆ.ಜಿ. ಒತ್ತಡ ಎಂದರೆ 10 ಮೀಟರ್ ನೀರು. ಟ್ಯೂಬು 120 ಮೀಟರ್, ಗೇಜು 3.4 ತೋರಿಸಿದರೆ ಟ್ಯೂಬಿನ ತುದಿಯ ಮೇಲೆ 34 ಮೀಟರ್ ನೀರಿದೆ. ಮಟ್ಟ 86 ಮೀಟರ್ ಆಳದಲ್ಲಿದೆ. ಇದರಲ್ಲಿ ಒಂದು ಮೀಟರ್ ಹೆಚ್ಚುಕಡಿಮೆ ಆಗಬಹುದು. ವರ್ಷದಲ್ಲಿ ಹದಿನೈದು ಮೀಟರ್ ಇಳಿಯುವ ಬೋರಿಗೆ ಅಷ್ಟು ಸಾಕು. ಗಾಳಿ ತುಂಬಿ ನಿಲ್ಲಿಸಿದ ಮೇಲೂ ಮುಳ್ಳು ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಆ ಓದನ್ನು ಬರೆಯಬೇಡಿ.

ಯಾವಾಗ ಅಳೆಯಬೇಕು, ಹೇಗೆ ಬರೆಯಬೇಕು

ಓಡುತ್ತಿರುವ ಬೋರಿನ ಮಟ್ಟಕ್ಕೆ ಅರ್ಥವಿಲ್ಲ. ಮೋಟರು ನಿಂತು ಕನಿಷ್ಠ ಆರು ಗಂಟೆ ಆಗಿರಬೇಕು, ಪಕ್ಕದ ತೋಟದ ಮೋಟರುಗಳೂ ನಿಂತಿರಬೇಕು. ಹಳ್ಳಿಯಲ್ಲಿ ಇದಕ್ಕೆ ಸರಿಯಾದ ಹೊತ್ತು ತ್ರೀ ಫೇಸ್ ಕರೆಂಟು ಬರುವ ಮೊದಲು. ರಾತ್ರಿ ಪಾಳಿಯಲ್ಲಿ ಕರೆಂಟು ಕೊಡುವ ವಾರದಲ್ಲಿ ಈ ಹೊತ್ತು ಬದಲಾಗುತ್ತದೆ, ಆದ್ದರಿಂದ "ಮೋಟರು ನಿಂತು ಎಷ್ಟು ಗಂಟೆ" ಎಂಬ ಕಾಲಂ ಪುಸ್ತಕದಲ್ಲಿ ಇರಲೇಬೇಕು.

ತಿಂಗಳ 1 ಮತ್ತು 15ನೇ ತಾರೀಕು ಅಳೆಯುವ ರೂಢಿ ಮಾಡಿ. ಹೊಂಡದ ತಳ ನೀರಿನ ಮಟ್ಟಕ್ಕೆ ಹತ್ತು ಮೀಟರ್ ಹತ್ತಿರ ಬಂದರೆ ವಾರಕ್ಕೊಮ್ಮೆ. ಹೊಂಡದಲ್ಲಿ ಮೊದಲ ಸಲ ಪಂಪು ಕೂರಿಸಿದ ದಿನದಿಂದ ಹದಿನೈದು ದಿನ ಪ್ರತಿದಿನ. ಮೇ ಮತ್ತು ನವೆಂಬರಿನ ಓದು ಒಂದೂ ತಪ್ಪಬಾರದು. ಮುಂಗಾರಿನ ಮೊದಲಿನ ತಳಮಟ್ಟ ಮತ್ತು ಮಳೆಯ ನಂತರದ ಏರುಮಟ್ಟ ಅವೇ, ಸರ್ಕಾರದ ವೀಕ್ಷಣಾ ಬಾವಿಗಳ ಅಂಕಿಗೂ ಅವನ್ನೇ ಹೋಲಿಸಬೇಕಾಗುತ್ತದೆ.

ಪುಸ್ತಕ ಗಟ್ಟಿ ರಟ್ಟಿನದಾಗಿರಲಿ, ಪುಟಸಂಖ್ಯೆ ಇರಲಿ. ದಿನಾಂಕ, ಹೊತ್ತು, ಬಾವಿ ಸಂಖ್ಯೆ, ಸರ್ವೆ ನಂಬರು, ಗುರುತಿನಿಂದ ಆಳ, ಮೋಟರು ನಿಂತ ಗಂಟೆ, ಹಿಂದಿನ ಮಳೆ, ಅಳೆದವರ ಸಹಿ. ಪೆನ್ಸಿಲ್ ಬೇಡ. ತಪ್ಪಾದರೆ ತಿದ್ದಿ ಮೇಲೆ ಬರೆಯಬೇಡಿ. ಒಂದು ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಿ. ತಿಂಗಳಿಗೊಮ್ಮೆ ಪುಟದ ಪ್ರತಿಯನ್ನು ಪಿಡಿಒ ಅವರಿಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಈ ಅಂಕಿಗಳನ್ನು ಆಮೇಲೆ ಕೂತು ಬರೆದದ್ದಲ್ಲ ಎಂದು ಸಾಬೀತು ಮಾಡುವುದು ಆ ಮುದ್ರೆ.

ಮಳೆಯ ಲೆಕ್ಕ ಬೆಳಿಗ್ಗೆ ಎಂಟೂವರೆಗೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ, ಆ ಅಂಕಿಯನ್ನೇ ಬಳಸಬಹುದು. ಸರ್ಕಾರದ ಮಳೆ ಅಂಕಿಯನ್ನು ಯಾರೂ ಸುಲಭವಾಗಿ ತಳ್ಳಿಹಾಕಲಾರರು.

"ಮೂರಿಂಚು ನೀರಿತ್ತು, ಈಗ ಎರಡಿಂಚು"

ಮಟ್ಟದ ಜತೆಗೆ ಇಳುವರಿಯನ್ನೂ ಬರೆದಿಡಿ. ಊರಿನಲ್ಲಿ ಎಲ್ಲರೂ ಇಂಚಿನಲ್ಲೇ ಮಾತಾಡುತ್ತಾರೆ, ಆದರೆ ಇಂಚಿನ ಲೆಕ್ಕ ಕಣ್ಣಿಗೆ ಮೋಸ ಮಾಡುತ್ತದೆ. ಬೋರ್ ಲಾರಿಯವರು ಹಿಡಿಯುವ 90 ಡಿಗ್ರಿ ವಿ-ನಾಚ್ (ಇಂಗ್ಲಿಷಿನ ವಿ ಆಕಾರದ ಕಚ್ಚು ಇರುವ) ತಗಡಿನಲ್ಲಿ 3 ಇಂಚು ಎಂದರೆ ಗಂಟೆಗೆ ಹತ್ತಿರಹತ್ತಿರ 8,000 ಲೀಟರ್, 2 ಇಂಚು ಎಂದರೆ ಸುಮಾರು 2,900 ಲೀಟರ್. ಒಂದಿಂಚು ಕಡಿಮೆಯಾಯಿತು ಎಂದು ಸಮಾಧಾನಪಟ್ಟುಕೊಳ್ಳುವ ರೈತ ನಿಜವಾಗಿ ಮೂರರಲ್ಲಿ ಎರಡು ಪಾಲು ನೀರು ಕಳೆದುಕೊಂಡಿರುತ್ತಾನೆ. ಇಂಚು ಬಿಟ್ಟು ಡ್ರಮ್ ಹಿಡಿಯಿರಿ. ಮೋಟರು ಅರ್ಧ ಗಂಟೆ ಓಡಿದ ಮೇಲೆ 200 ಲೀಟರ್ ಡ್ರಮ್ ತುಂಬಲು ಎಷ್ಟು ಸೆಕೆಂಡು ಎಂದು ನೋಡಿ. 50 ಸೆಕೆಂಡಾದರೆ ಸೆಕೆಂಡಿಗೆ 4 ಲೀಟರ್. ಮೂರು ತಿಂಗಳಿಗೊಮ್ಮೆ ಸಾಕು.

ಹೊಂಡದ ಲೆಕ್ಕ

ಊರಿನ ಅಳತೆ ಅರ್ಧ, ಹೊಂಡದ ಅಳತೆ ಇನ್ನರ್ಧ. ಹೊಂಡದ ತಳದ ಎತ್ತರ, ಅಲ್ಲಿ ಕೂರಿಸಿದ ಪಂಪುಗಳ ಸಂಖ್ಯೆ, ದಿನಕ್ಕೆ ಓಡುವ ಗಂಟೆ, ಮೀಟರ್ ಓದು, ನೀರು ಹೋಗುವ ಜಾಗ, ಇಷ್ಟೂ ಬೇಕು. ಪರಿಸರ ಅನುಮತಿ ಪಡೆದ ಗಣಿಗಳು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಷರತ್ತುಗಳ ಪಾಲನಾ ವರದಿ ಸಲ್ಲಿಸಬೇಕು. ಆ ವರದಿ ಸಾರ್ವಜನಿಕ ದಾಖಲೆ. ಅನುಮತಿ ಪತ್ರವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅಥವಾ ಮಾಹಿತಿ ಹಕ್ಕಿನಲ್ಲಿ ಪಡೆದು, "ಅಂತರ್ಜಲ ಮಟ್ಟ ಮುಟ್ಟಬಾರದು" ಅಥವಾ "ಮುಟ್ಟುವ ಮೊದಲು ಅನುಮತಿ ಪಡೆಯಬೇಕು" ಎಂಬ ಷರತ್ತು ಎಲ್ಲಿದೆ ಎಂದು ಹುಡುಕಿ. ಹೊಂಡದಲ್ಲಿ ಬೇಸಿಗೆಯಲ್ಲೂ ನೀರು ನಿಂತಿದ್ದು, ಪಂಪಿನಿಂದ ಎತ್ತಿದ ಮೇಲೂ ಮರುದಿನ ತುಂಬಿದ್ದರೆ, ಅದು ಮಳೆನೀರಲ್ಲ.

ಗಣಿಯವರ ವೀಕ್ಷಣಾ ಬೋರು, ಅಂದರೆ ಪೀಜೋಮೀಟರ್, ಎಲ್ಲಿದೆ ಎಂದು ನೋಡುವುದು ಅತಿ ಮುಖ್ಯ. ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಮಾರ್ಗಸೂಚಿ ಇದಕ್ಕೆ ಒಳ್ಳೆಯ ಅಳತೆಗೋಲು: ನೀರೆತ್ತುವ ಬಾವಿಯಿಂದ ಕನಿಷ್ಠ 50 ಮೀಟರ್ ದೂರ, 4ರಿಂದ 6 ಇಂಚಿನ ವ್ಯಾಸ, ನೀರೆತ್ತುವ ಬಾವಿಯಷ್ಟೇ ಆಳ, ಎರಡನೆಯದಿದ್ದರೆ ಅದು ಮೇಲ್ಪದರಕ್ಕೆ, ತಿಂಗಳಿಗೊಮ್ಮೆ ಸೆಂಟಿಮೀಟರ್‌ವರೆಗಿನ ಓದು. ಕರ್ನಾಟಕಕ್ಕೆ 2011ರ ತನ್ನದೇ ಅಂತರ್ಜಲ ಕಾಯ್ದೆ ಮತ್ತು ರಾಜ್ಯ ಅಂತರ್ಜಲ ಪ್ರಾಧಿಕಾರ ಇವೆ. ಕಾಗದದ ಮೇಲೆ ಎಲ್ಲ ಸರಿಯಿದ್ದರೂ ಪೀಜೋಮೀಟರ್ ಹೊಂಡದ ಮೇಲ್ಭಾಗದ ಕಚೇರಿ ಆವರಣದಲ್ಲಿದ್ದರೆ ಊರಿಗೆ ಉಪಯೋಗವಿಲ್ಲ. ಹೊಂಡ ಮತ್ತು ಊರಿನ ನಡುವೆ ಒಂದು ಇರಲೇಬೇಕೆಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಬರವಣಿಗೆಯಲ್ಲಿ ಕೇಳಿ. ತಾನೇ ದಾಖಲಿಸುವ ಯಂತ್ರ ಕೂರಿಸಿದ್ದರೆ ಮೂರು ತಿಂಗಳಿಗೊಮ್ಮೆ ನಿಮ್ಮ ಸೌಂಡರ್ ಇಳಿಸಿ ಜಂಟಿಯಾಗಿ ತಾಳೆ ನೋಡಿ. ವಾಯುಭಾರದ ಲೆಕ್ಕ ತೆಗೆಯದಿದ್ದರೆ, ಬ್ಯಾಟರಿ ಮುಗಿದಿದ್ದರೆ, ನೇತುಹಾಕಿದ ತಂತಿ ಜಾರಿದ್ದರೆ ಯಂತ್ರವೂ ತಪ್ಪು ಹೇಳುತ್ತದೆ.

ಅಂಕಿ ಓದುವುದು

ಹತ್ತಿರದ ಬಾವಿ ಮತ್ತು ದೂರದ ಬಾವಿಯ ಆಳದ ವ್ಯತ್ಯಾಸವನ್ನೇ ನೋಡಿ. ಮೊದಲ ಮೇ ತಿಂಗಳಲ್ಲಿ ಹತ್ತಿರದ್ದು 22.0, ದೂರದ್ದು 19.5, ವ್ಯತ್ಯಾಸ 2.5 ಎಂದುಕೊಳ್ಳಿ. ನವೆಂಬರಿನಲ್ಲಿ 15.5 ಮತ್ತು 12.8, ವ್ಯತ್ಯಾಸ 2.7. ಇಲ್ಲಿಯವರೆಗೆ ಎರಡೂ ಜೋಡೆತ್ತಿನಂತೆ ನಡೆದಿವೆ. ಮರುವರ್ಷ ಹೊಂಡ ನೀರು ಮುಟ್ಟಿತು. ಮೇ: 27.4 ಮತ್ತು 20.6, ವ್ಯತ್ಯಾಸ 6.8. ನವೆಂಬರ್: 21.0 ಮತ್ತು 13.1, ವ್ಯತ್ಯಾಸ 7.9. ಮಳೆ ಬಂದಿದೆ, ದೂರದ ಬಾವಿ ಹೆಚ್ಚುಕಡಿಮೆ ಹಿಂದಿನ ನವೆಂಬರಿನ ಮಟ್ಟಕ್ಕೆ ಚೇತರಿಸಿಕೊಂಡಿದೆ, ಹತ್ತಿರದ್ದು ಅಷ್ಟು ಏರಿಲ್ಲ. ಮಳೆ ಕಡಿಮೆಯೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಆದರೆ ಆ ವರ್ಷವೇ ಹತ್ತಿರದ ಬಾವಿಯ ಸುತ್ತ ಹೊಸದಾಗಿ ಎಷ್ಟು ಬೋರು ಕೊರೆಸಿದ್ದಾರೆ, ಎಷ್ಟು ಎಕರೆಗೆ ಅಡಿಕೆ ಇಟ್ಟಿದ್ದಾರೆ ಎಂಬುದನ್ನೂ ಪ್ರಾಮಾಣಿಕವಾಗಿ ಬರೆಯಬೇಕು. ಬಚ್ಚಿಟ್ಟರೆ ವಿಚಾರಣೆಯ ದಿನ ಎದುರಿನವರು ಅದನ್ನೇ ಮೊದಲು ತೆಗೆಯುತ್ತಾರೆ.

ಎಲ್ಲಕ್ಕಿಂತ ಬಲವಾದ ಪರೀಕ್ಷೆ ಪಂಪು ನಿಲ್ಲಿಸುವುದು. ಹಬ್ಬಕ್ಕೋ ಯಂತ್ರ ಕೆಟ್ಟೋ ಹೊಂಡದ ಪಂಪು ನಾಲ್ಕೈದು ದಿನ ನಿಂತಾಗ ದಿನಕ್ಕೆರಡು ಸಲ ಅಳೆಯಿರಿ. ನಿಂತ ಮೇಲೆ ಏರಿ, ಶುರುವಾದ ಮೇಲೆ ಮತ್ತೆ ಇಳಿದರೆ ಸಂಬಂಧ ಸ್ಪಷ್ಟ. ಅಂತರ್ಜಲ ನಿರ್ದೇಶನಾಲಯದ ಜಿಲ್ಲಾ ಕಚೇರಿಯವರ ಸಮಕ್ಷಮದಲ್ಲಿ ಒಂದು ವಾರದ ಜಂಟಿ ಪರೀಕ್ಷೆಗೆ ಮನವಿ ಕೊಡಿ.

ಸಿಡಿಮದ್ದಿನ ಬಗ್ಗೆ ಊರಿನಲ್ಲಿ ಇರುವ ಭಯ ಅರ್ಥವಾಗುವಂಥದ್ದು. ಬ್ಲಾಸ್ಟಿಂಗ್ ಆದ ದಿನ ಬೋರಿನ ನೀರು ಕೆಸರಾಗುವುದು, ಕೇಸಿಂಗ್ ಜಾಯಿಂಟ್ ಸಡಿಲವಾಗಿ ಮಣ್ಣು ಬೀಳುವುದು ಉಂಟು. ಆದರೆ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುವ ಮಟ್ಟಕ್ಕೆ ಸಾಮಾನ್ಯವಾಗಿ ಕಾರಣ ಹೊಂಡದ ಪಂಪಿಂಗ್. ಎರಡನ್ನೂ ಕಲಸಿ ದೂರು ಕೊಟ್ಟರೆ ಎರಡೂ ಸಡಿಲವಾಗುತ್ತವೆ. ಬೋರು ಕುಸಿದಿದೆಯೆಂಬ ಅನುಮಾನವಿದ್ದರೆ ಕ್ಯಾಮೆರಾ ಇಳಿಸುವವರನ್ನು ಕರೆಸಿ ವಿಡಿಯೊ ಮಾಡಿಸಿಡಿ.

ನೀರಿನ ಗುಣ

ವರ್ಷಕ್ಕೆರಡು ಸಲ ಮಾದರಿ ಕೊಡಿ. ಮೋಟರು ಹತ್ತು ನಿಮಿಷ ಓಡಿಸಿ, ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ. ಪಿಎಚ್, ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ), ಗಡಸುತನ, ಫ್ಲೋರೈಡ್, ಕಬ್ಬಿಣ, ನೈಟ್ರೇಟ್ ಕೇಳಿ. ಸ್ಫೋಟಕದಲ್ಲಿ ಅಮೋನಿಯಂ ನೈಟ್ರೇಟ್ ಇರುವುದರಿಂದ ಸಿಡಿಯದೆ ಉಳಿದದ್ದು ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿ.ಗ್ರಾಂ. ಗೊಬ್ಬರದಿಂದಲೂ ಶೌಚಗುಂಡಿಯಿಂದಲೂ ಅದೇ ನೈಟ್ರೇಟ್ ಬರುವುದರಿಂದ ಹೊಂಡದ ನೀರು ಮತ್ತು ದೂರದ ಬಾವಿಯ ನೀರನ್ನೂ ಜತೆಗೇ ಪರೀಕ್ಷಿಸಿ. ಚಿನ್ನದ ಗಣಿಯ ಸುತ್ತ ಆರ್ಸೆನಿಕ್ ಮತ್ತು ಸಯನೈಡ್ ಸೇರಿಸಿ.

ನೀರು ಉಳಿಸುವ ಕೆಲಸ

ಮೊದಲ ಶತ್ರು ಹೂಳು. ಗಣಿಯವರು ಅಗೆದು ರಾಶಿ ಹಾಕಿದ ಮಣ್ಣಿನ ಗುಡ್ಡೆಯಿಂದ ಹರಿದು ಬಂದ ಕೆಂಪು ನೀರು ಕೆರೆಯ ತಳಕ್ಕೆ ಗಾರೆ ಬಳಿದಂತೆ ಕೂರುತ್ತದೆ, ಆಮೇಲೆ ಕೆರೆ ತುಂಬಿದರೂ ನೀರು ಇಂಗುವುದಿಲ್ಲ. ಗುಡ್ಡೆಯ ಬುಡದಲ್ಲಿ ಕಲ್ಲಿನ ತಡೆಗೋಡೆ, ಸುತ್ತ ಕಾಲುವೆ, ಕಾಲುವೆಯ ಕೊನೆಗೆ ಹೂಳು ತಂಗುವ ತೊಟ್ಟಿ, ಈ ಮೂರೂ ಬೇಕು. ತೊಟ್ಟಿಯ ಗಾತ್ರ ಹೀಗೆ: ಒಂದು ಹೆಕ್ಟೇರ್ ಗುಡ್ಡೆಯ ಮೇಲೆ ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಬಿದ್ದರೆ 500 ಘನ ಮೀಟರ್, ಅದರಲ್ಲಿ ಶೇ. 60 ಹರಿದರೆ 300. ಅದಕ್ಕೆ ಅರ್ಧ ಸೇರಿಸಿ 450 ಘನ ಮೀಟರ್, ಅಂದರೆ 30 ಮೀಟರ್ ಉದ್ದ, 10 ಅಗಲ, ಒಂದೂವರೆ ಆಳ. ಅದನ್ನು ಮೂರು ಅಂಕಣ ಮಾಡಿ. ಜೇಡಿಯ ಅತಿ ಸಣ್ಣ ಕಣ ನಿಂತ ನೀರಿನಲ್ಲಿ ದಿನಕ್ಕೆ ಒಂದಡಿ ಇಳಿದರೆ ಹೆಚ್ಚು, ಒಂದೇ ತೊಟ್ಟಿಯಲ್ಲಿ ಅದು ನಿಲ್ಲದೆ ಹೊರಟುಹೋಗುತ್ತದೆ. ಪ್ರತಿ ಮೇ ತಿಂಗಳಲ್ಲಿ ಹೂಳು ತೆಗೆದಿದ್ದಾರೆಯೇ ಎಂದು ಹೋಗಿ ಕಣ್ಣಾರೆ ನೋಡಿ ಫೋಟೊ ಹಿಡಿಯಿರಿ.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಳನ್ನು ನಿಲ್ಲಿಸಿದ ಮೇಲೆ, ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಬಂತು. ಚೆಕ್ ಡ್ಯಾಮು, ಕೊರಕಲು ತಡೆ, ತಡೆಗೋಡೆ ಎಲ್ಲ ಅದರಲ್ಲಿವೆ. ನಿಮ್ಮ ಪಕ್ಕದ ಗಣಿಯ ಯೋಜನೆಯಲ್ಲಿ ಎಷ್ಟು ಚೆಕ್ ಡ್ಯಾಮು ಬರೆದಿದೆ, ನೆಲದ ಮೇಲೆ ಎಷ್ಟಿವೆ, ಅವುಗಳಲ್ಲಿ ಎಷ್ಟು ಹೂಳು ತುಂಬಿ ನೆಲಸಮವಾಗಿವೆ ಎಂದು ಎಣಿಸಿ. ಹೂಳು ತುಂಬಿದ ಚೆಕ್ ಡ್ಯಾಮು ಹೂಳು ತಡೆದಿದೆ ನಿಜ, ನೀರು ಮಾತ್ರ ಹಿಡಿಯುವುದಿಲ್ಲ.

ಇಂಗುಗುಂಡಿ ಎಲ್ಲಿ ತೋಡಬೇಕು ಎಂಬಲ್ಲೇ ಹೆಚ್ಚು ಹಣ ಹಾಳಾಗುವುದು. ಹೊಂಡದ ಅಂಚಿನಲ್ಲಿ ಇಂಗಿಸಿದ ನೀರು ಹೊಂಡಕ್ಕೇ ಜಿನುಗುತ್ತದೆ, ಅಲ್ಲಿಂದ ಪಂಪಿನಿಂದ ಮತ್ತೆ ಹೊರಗೆ. ನೀರು ಇಂಗಬೇಕಾದದ್ದು ಹೊಂಡಕ್ಕೂ ಬಾವಿಗಳಿಗೂ ನಡುವೆ, ಬಾವಿಗಳಿಗೆ ಹತ್ತಿರವಾಗಿ. ಅಲ್ಲಿ ಏರಿದ ನೀರಿನ ದಿಬ್ಬ ಊರಿನ ನೀರು ಹೊಂಡದ ಕಡೆ ಓಡುವುದನ್ನು ತಡೆಯುತ್ತದೆ. ಹೊಂಡದಿಂದ ಎತ್ತಿದ ನೀರನ್ನು ಹಳ್ಳಕ್ಕೆ ಬಿಟ್ಟು ಕಳೆಯುವ ಬದಲು, ತೊಟ್ಟಿಯಲ್ಲಿ ತಿಳಿಯಾಗಿಸಿ, ಪರೀಕ್ಷೆ ಮಾಡಿಸಿ, ಊರ ಕೆರೆಗೋ ಗೋಕಟ್ಟೆಗೋ ಬಿಡಿಸಿಕೊಳ್ಳಿ. ಅದೇ ನೀರನ್ನು ನೇರವಾಗಿ ಬೋರಿನೊಳಗೆ ಬಿಡಲು ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ. ಎಣ್ಣೆ, ನೈಟ್ರೇಟ್, ನುಣ್ಣನೆಯ ಹೂಳು ಬಿರುಕಿಗೆ ಇಳಿದರೆ ಮತ್ತೆ ತೆಗೆಯಲಾಗುವುದಿಲ್ಲ.

ದೂರು ಕೊಡುವಾಗ

ಗ್ರಾಮಸಭೆಯ ನಿರ್ಣಯ, ಪುಸ್ತಕದ ಪ್ರತಿ, ನಕ್ಷೆ, ವ್ಯತ್ಯಾಸದ ಗ್ರಾಫು ಇಷ್ಟನ್ನು ಲಗತ್ತಿಸಿ ಜಿಲ್ಲಾಧಿಕಾರಿ, ಗಣಿ ಮತ್ತು ಭೂವಿಜ್ಞಾನ ಇಲಾಖೆ, ಅಂತರ್ಜಲ ನಿರ್ದೇಶನಾಲಯ, ಮಾಲಿನ್ಯ ನಿಯಂತ್ರಣ ಮಂಡಳಿ ನಾಲ್ಕಕ್ಕೂ ಒಂದೇ ದಿನ ಕೊಡಿ. ಕುಡಿಯುವ ನೀರಿನ ತುರ್ತಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಕೇಳಬಹುದು, ಕುಡಿಯುವ ನೀರು ಅದರ ಆದ್ಯತೆಯ ಬಾಬ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗುವುದಾದರೆ ಗಡುವು ನೋಡಿ: ವಿವಾದದ ಅರ್ಜಿಗೆ ಕಾರಣ ಹುಟ್ಟಿದ ದಿನದಿಂದ ಆರು ತಿಂಗಳು, ಪರಿಹಾರದ ಅರ್ಜಿಗೆ ಐದು ವರ್ಷ. ಕಾರಣ ಹುಟ್ಟಿದ ದಿನ ಯಾವುದು ಎಂಬ ಪ್ರಶ್ನೆಗೂ ನಿಮ್ಮ ಪುಸ್ತಕದ ಪುಟವೇ ಉತ್ತರ.

ಗಣಿ ಮುಚ್ಚಿದ ಮೇಲೂ ಅಳೆಯುವುದನ್ನು ಬಿಡಬೇಡಿ. ಪಂಪು ನಿಂತರೆ ಹೊಂಡ ಮೊದಲು ತುಂಬಬೇಕು, ಆಮೇಲೆ ಬಾವಿಗಳು ಏರುತ್ತವೆ. ಅದಕ್ಕೆ ಕೆಲವು ಮಳೆಗಾಲವೇ ಹಿಡಿಯಬಹುದು. ಹತ್ತಿರದ ಮತ್ತು ದೂರದ ಬಾವಿಯ ವ್ಯತ್ಯಾಸ ಮೊದಲ ವರ್ಷದ ಅಂಕಿಗೆ ಮರಳುವವರೆಗೆ ಮೇ, ನವೆಂಬರ್ ಓದು ಮುಂದುವರಿಯಲಿ. ಆ ಹೊಂಡಕ್ಕೆ ಊರ ಕಸವನ್ನಾಗಲಿ ಕಾರ್ಖಾನೆಯ ತ್ಯಾಜ್ಯವನ್ನಾಗಲಿ ಸುರಿಯಲು ಬಿಡಬೇಡಿ. ನಿಮ್ಮ ಬೋರಿನ ನೀರನ್ನು ಎಳೆದ ಬಿರುಕೇ ಮುಂದೆ ಹೊಂಡದ ನೀರನ್ನು ನಿಮ್ಮ ಬೋರಿಗೆ ತರುತ್ತದೆ.